ಮೊದಲು ಕದಲಿದ ಹಕ್ಕಿ ಯಾವುದು? ಫಿಂಚ್ ಪಂಜರದ ರಾತ್ರಿ ಗಾಬರಿ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಪಂಜರದ ಉದ್ದ 100 ಸೆಂ.ಮೀ., ಅಗಲ 50, ಎತ್ತರ 60. ತಂತಿಗಳ ನಡುವಿನ ಅಂತರ 10 ಮಿ.ಮೀ. ಅದರಲ್ಲಿ ಎರಡು ಜೋಡಿ ಜೀಬ್ರಾ ಫಿಂಚ್, ಒಂದು ಜೋಡಿ ಬೆಂಗಾಲೀಸ್ ಫಿಂಚ್; ಎರಡೂ ಕಾಳು ತಿನ್ನುವ ಪುಟ್ಟ ಸಾಕುಹಕ್ಕಿಗಳು. ಸಾಕಿದವರ ಗುರುತು ಸಿಗುವ ವಿವರಗಳನ್ನೆಲ್ಲ ಬಿಟ್ಟಿದ್ದೇವೆ. ಜೀಬ್ರಾಗಳನ್ನು ಕಾಲುಂಗುರದ ಬಣ್ಣ ನೋಡಿ ಹಳದಿ ಜೋಡಿ, ನೀಲಿ ಜೋಡಿ ಎಂದು ಕರೆದಿದ್ದೇವೆ. ಹಳದಿ ಜೋಡಿಗೆ ಮಲಗಲೆಂದು ಮೂಲೆಯಲ್ಲೊಂದು ಬೆತ್ತದ ಬುಟ್ಟಿಗೂಡು ಕಟ್ಟಿದ್ದರು. ಉಳಿದವು ಕಡ್ಡಿಯ ಮೇಲೆ ಮಲಗುತ್ತಿದ್ದವು.

ಪಂಜರವಿದ್ದದ್ದು ನಡುಮನೆಯಲ್ಲಿ, ಎತ್ತರದ ಕಪಾಟಿನ ಪಕ್ಕದಲ್ಲಿ. ಬೆಳಿಗ್ಗೆ 6.30ಕ್ಕೆ ಕಿಟಕಿಯ ಬೆಳಕು ಬೀಳುತ್ತಿತ್ತು. ರಾತ್ರಿ 10ಕ್ಕೆ ಟಿ.ವಿ. ಆರಿಸಿ ಮನೆಯವರು ಏಳುವಾಗ ಟ್ಯೂಬ್‌ಲೈಟ್ ಆಫ್ ಆಗುತ್ತಿತ್ತು. ಅಂದರೆ ಹದಿನೈದೂವರೆ ಗಂಟೆ ಹಗಲು, ಎಂಟೂವರೆ ಗಂಟೆ ರಾತ್ರಿ. ಫಿಂಚ್‌ಗೆ ಸುಮಾರು 12 ಗಂಟೆ ಕತ್ತಲು ಬೇಕು, 10ಕ್ಕಿಂತ ಕಡಿಮೆಯಾಗಬಾರದು. ಆದರೆ ಈ ಕೊರತೆ ಹಗಲಲ್ಲಿ ಎದ್ದು ಕಾಣುವಂಥದ್ದಲ್ಲ. ಹಕ್ಕಿಗಳು ತಿನ್ನುತ್ತಿದ್ದವು, ಹಾಡುತ್ತಿದ್ದವು, ಗರಿ ತಿದ್ದಿಕೊಳ್ಳುತ್ತಿದ್ದವು. ಹಾಗಾಗಿ ಮನೆಯವರಿಗೆ ಏನೂ ಸಂಶಯ ಬರಲಿಲ್ಲ.

ತೊಂದರೆ

ಮೊದಲು ಕೇಳಿಸಿದ್ದು ಸದ್ದು. ದೀಪ ಆರಿಸಿ ಕೋಣೆ ಸೇರುವಷ್ಟರಲ್ಲಿ ಪಂಜರದಿಂದ ಪಟಪಟ ರೆಕ್ಕೆ ಬಡಿತ, ತಂತಿಗೆ ಡಿಕ್ಕಿ, ಮತ್ತೆ ಮೌನ. ವಾರಕ್ಕೊಮ್ಮೆ ಇದ್ದದ್ದು ಎರಡು, ಮೂರು ಸಲವಾಯಿತು. ಆಮೇಲೆ ನಡುರಾತ್ರಿಯಲ್ಲೂ ಶುರುವಾಯಿತು. ಬೆಳಿಗ್ಗೆ ನೋಡಿದರೆ ತಳದ ಕಾಗದದ ಮೇಲೆ ಉದುರಿದ ಗರಿ, ಒಂದೆರಡು ರಕ್ತದ ಕಲೆ.

ಇದನ್ನು ರಾತ್ರಿ ಗಾಬರಿ ಎನ್ನೋಣ. ಫಿಂಚ್‌ನ ಕಣ್ಣು ಹಗಲಿಗೆ ಹೇಳಿ ಮಾಡಿಸಿದ್ದು. ಬಣ್ಣ ಕಾಣುವ ಕೋಶಗಳು ಅದರಲ್ಲಿ ಹೆಚ್ಚು, ಮಬ್ಬಿನಲ್ಲಿ ಕಾಣುವ ಶಕ್ತಿ ಕಡಿಮೆ. ಬೆಚ್ಚಿದಾಗ ಅದು ಮಾಡುವ ಮೊದಲ ಕೆಲಸ ನೆಟ್ಟಗೆ ಮೇಲಕ್ಕೆ ಹಾರುವುದು. ಬಯಲಿನಲ್ಲಿ ಆ ಬುದ್ಧಿ ಜೀವ ಉಳಿಸುತ್ತದೆ. ಪಂಜರದಲ್ಲಿ ಮೇಲೆ ಚಾವಣಿಯ ತಂತಿಯಿದೆ. ಅದಕ್ಕೇ ಇಂಥ ಗಾಯಗಳು ನೆತ್ತಿ, ಕೊಕ್ಕಿನ ಬುಡ ಮತ್ತು ರೆಕ್ಕೆಯ ಮುಂಗಂಟಿನಲ್ಲಿ ಆಗುತ್ತವೆ. ಒಂದು ಹಕ್ಕಿ ಹಾರಿದರೆ ಸಾಕು, ಉಳಿದವು ಕಾರಣ ಕೇಳುವುದಿಲ್ಲ.

ಮಾಡಿ ನೋಡಿದ್ದು

ಮೊದಲು ಬಂದದ್ದು ಕಪ್ಪು ಬಟ್ಟೆ. ಬೀದಿಯ ಬೆಳಕೋ ನೆರಳೋ ಒಳಬಂದು ಹೆದರಿಸುತ್ತಿರಬೇಕು ಎಂದು ದಪ್ಪ ಬಟ್ಟೆಯಿಂದ ಪಂಜರದ ಆರೂ ಮೈ ಮುಚ್ಚಿದರು. ಹೊರಗಿನ ನೆರಳು ನಿಂತಿತು, ಆದರೆ ಒಳಗೆ ಗವ್ವೆನ್ನುವ ಕತ್ತಲಾಯಿತು. ಬಟ್ಟೆಯೊಳಗೆ ಬೆಚ್ಚಿದ ಹಕ್ಕಿಗೆ ತಿರುಗಿ ಕಡ್ಡಿ ಹಿಡಿಯುವ ದಾರಿಯೇ ಇಲ್ಲ. ನಾಲ್ಕನೇ ರಾತ್ರಿ ಸದ್ದು ಹತ್ತು ನಿಮಿಷ ಬಿಡದೆ ನಡೆಯಿತು. ಮನೆಯವರು ಬಟ್ಟೆ ಎಳೆದು, ಟ್ಯೂಬ್‌ಲೈಟ್ ಹಾಕಿ, ಒಳಗೆ ಕೈ ಹಾಕಿದರು. ಮೂರೂ ತಪ್ಪು, ಮೂರೂ ಒಟ್ಟಿಗೆ. ನೀಲಿ ಗಂಡಿನ ರೆಕ್ಕೆಯಲ್ಲಿ ಬೆಳೆಯುತ್ತಿದ್ದ ಎಳೆ ಗರಿ ಮುರಿದದ್ದು ಆ ರಾತ್ರಿ.

ಎಳೆ ಗರಿಯ ಕಾಂಡದಲ್ಲಿ ರಕ್ತ ಹರಿಯುತ್ತಿರುತ್ತದೆ, ಮುರಿದರೆ ನಲ್ಲಿಯಂತೆ ಸೋರುತ್ತದೆ. ಜೀಬ್ರಾ ಫಿಂಚ್ ಸುಮಾರು 12 ಗ್ರಾಂ ತೂಗುತ್ತದೆ. ಮೈಯ ರಕ್ತ ತೂಕದ ಹತ್ತನೇ ಒಂದು ಪಾಲು, ಅಂದರೆ ಹೆಚ್ಚೆಂದರೆ 1.2 ಮಿ.ಲೀ. ಎರಡು ಮೂರು ಹನಿ ಹೋದರೆ ತಡೆದುಕೊಳ್ಳುತ್ತದೆ, ಎಂಟು ಹತ್ತು ಹನಿ ಹೋದರೆ ಜೀವಕ್ಕೇ ಕುತ್ತು. ಇಲ್ಲಿ ಮನೆಯವರು ಸರಿಯಾಗಿಯೇ ನಡೆದುಕೊಂಡರು. ಮೆತ್ತನೆಯ ಬಟ್ಟೆಯಲ್ಲಿ ಹಕ್ಕಿಯನ್ನು ಹಿಡಿದು, ಎದೆಯನ್ನು ಒತ್ತದೆ, ಮುರಿದ ಗರಿಯ ತುದಿಗೆ ಕಾರ್ನ್‌ಫ್ಲೋರ್ ಮೆತ್ತಿ ಎರಡು ನಿಮಿಷ ಬೆರಳಿನಿಂದ ಹಿಡಿದರು. ಎದೆ ಒತ್ತಬಾರದು ಎನ್ನುವುದಕ್ಕೆ ಕಾರಣವಿದೆ: ಹಕ್ಕಿಗೆ ನಮ್ಮಂತೆ ವಪೆಯಿಲ್ಲ, ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಉಸಿರು. ಬಿಗಿ ಹಿಡಿತ ಗಾಯಕ್ಕಿಂತ ಬೇಗ ಕೊಲ್ಲುತ್ತದೆ. ರಕ್ತ ನಿಂತಿತು.

ಮರುದಿನ ಬಟ್ಟೆ ಹೋಗಿ ಬೆಳಕು ಬಂತು. 5 ವಾಟ್‌ನ ಬಿಳಿ ಎಲ್‌ಇಡಿಯನ್ನು ಪಂಜರದ ಚಾವಣಿಗೇ ಕ್ಲಿಪ್ ಹಾಕಿ ರಾತ್ರಿಯಿಡೀ ಉರಿಸಿದರು. ಗಾಬರಿ ಸದ್ದು ಕಡಿಮೆಯಾಯಿತು. ಮನೆಯವರು ನಿಟ್ಟುಸಿರು ಬಿಟ್ಟು ಮೂರು ವಾರ ಹಾಗೇ ನಡೆಸಿದರು. ಈ ಪ್ರಕರಣದಲ್ಲಿ ಹೆಚ್ಚು ಹಾನಿ ಮಾಡಿದ್ದು ಈ ಮೂರು ವಾರದ ನೆಮ್ಮದಿಯೇ. ಹಕ್ಕಿಗಳು ಮಲಗುತ್ತಿರಲಿಲ್ಲ. ಕಾಳಿನ ಬಟ್ಟಲಿನ ಕೆಳಗೆ ಬೆಳಗಾಗುವಷ್ಟರಲ್ಲಿ ಹೊಸ ಹೊಟ್ಟು ಬಿದ್ದಿರುತ್ತಿತ್ತು, ನೀಲಿ ಗಂಡು ರಾತ್ರಿ ಒಂದಕ್ಕೆ ಹಾಡುತ್ತಿತ್ತು. ಗಾಬರಿ ತಗ್ಗಿದ್ದು ಹಕ್ಕಿಗಳು ಎಚ್ಚರವಾಗಿಯೇ ಇದ್ದುದರಿಂದ.

ನಿದ್ದೆ ಎಂದರೆ ಬರೀ ದಣಿವಾರಿಸಿಕೊಳ್ಳುವುದಲ್ಲ. ಮಲಗಿದ ಜೀಬ್ರಾ ಫಿಂಚ್‌ನ ಮಿದುಳಿನಲ್ಲಿ ಹಾಡಿಗೆ ಸಂಬಂಧಪಟ್ಟ ನರಕೋಶಗಳು ಹಗಲು ಹಾಡುವಾಗ ಮಿಡಿದ ಲಯದಲ್ಲೇ ಮತ್ತೆ ಮಿಡಿಯುತ್ತವೆ ಎಂದು ಅಮೀಶ್ ದವೆ ಮತ್ತು ಡೇನಿಯಲ್ ಮಾರ್ಗೋಲಿಯಾಶ್ 2000ರಲ್ಲಿ ತೋರಿಸಿದ್ದರು. ಬಿಳಿ ದೀಪ ಕಸಿದದ್ದು ಅಂಥ ರಾತ್ರಿಗಳನ್ನು.

ಇನ್ನೊಂದು ಪರಿಣಾಮ ಬುಟ್ಟಿಯಲ್ಲಿ ಕಂಡಿತು. ಜೀಬ್ರಾ ಫಿಂಚ್ ಆಸ್ಟ್ರೇಲಿಯದ ಒಣನಾಡಿನ ಹಕ್ಕಿ. ಮಳೆ ಬಿದ್ದು ಹುಲ್ಲುಕಾಳು ಕೈಗೆ ಸಿಕ್ಕಾಗ ಸಂಸಾರ ಹೂಡುವುದು ಅದರ ಪದ್ಧತಿ. ಹೊತ್ತುಗೊತ್ತಿಲ್ಲದೆ ಕಾಳು ಸಿಗುತ್ತಿದೆ, ಪಕ್ಕದಲ್ಲೇ ಗೂಡಿದೆ. ಹಳದಿ ಹೆಣ್ಣು ಐದು ಮೊಟ್ಟೆ ಇಟ್ಟಿತು. ಮಲಗುವ ಬುಟ್ಟಿ ಕಾವಿನ ಬುಟ್ಟಿಯಾಯಿತು.

ರಾತ್ರಿ ಹಾಡು ಕೇಳಿ ಬೇಸತ್ತ ಮನೆಯವರು ಮೂರನೆಯದಾಗಿ ತಂದದ್ದು ಚಲನೆ ಕಂಡರೆ ಹೊತ್ತಿಕೊಳ್ಳುವ ಸೆನ್ಸರ್ ದೀಪ. ಕತ್ತಲೂ ಇರುತ್ತದೆ, ಬೇಕಾದಾಗ ಬೆಳಕೂ ಬರುತ್ತದೆ ಎನ್ನುವ ಲೆಕ್ಕಾಚಾರ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಕಡ್ಡಿಯ ಮೇಲೆ ಒಂದು ಹಕ್ಕಿ ರೆಕ್ಕೆ ಕೊಡವಿದರೂ ದೀಪ ಝಗ್ಗನೆ ಉರಿಯುವುದು. ಆ ಬೆಳಕಿಗೆ ಎಲ್ಲವೂ ಹಾರುವುವು. 30 ಸೆಕೆಂಡಿಗೆ ದೀಪ ಆರುವುದು, ಆಗ ಅರ್ಧ ಹಕ್ಕಿಗಳು ಗಾಳಿಯಲ್ಲಿರುವುವು. ಒಂದು ಸಣ್ಣ ಕದಲಿಕೆಗೆ ಎರಡು ಗಾಬರಿ. ಎರಡನೇ ರಾತ್ರಿ ಕಳೆದ ಮೇಲೆ ಬೆಂಗಾಲೀಸ್ ಹೆಣ್ಣು ತಳದಲ್ಲಿ ಸತ್ತು ಬಿದ್ದಿತ್ತು. ನೆತ್ತಿಯ ಗರಿ ಕಿತ್ತುಹೋಗಿ ಚರ್ಮ ಕೆಂಪಗಾಗಿತ್ತು.

ತಿರುವು

ಹಕ್ಕಿಗಳನ್ನು ನೋಡುವ ಪಶುವೈದ್ಯರ ಬಳಿ ಹೋದಾಗ ಮನೆಯವರು ಕೇಳಿದ್ದು, ಯಾವ ದೀಪ ಹಾಕಬೇಕು ಎಂದು. ವೈದ್ಯರು ದೀಪದ ವಿಷಯ ಎತ್ತಲೇ ಇಲ್ಲ. ಗಾಬರಿ ಎಷ್ಟು ಗಂಟೆಗೆ ಆಗುತ್ತದೆ, ಮೊದಲು ಯಾವ ಹಕ್ಕಿ ಕದಲುತ್ತದೆ ಎಂದು ಕೇಳಿದರು. ಎರಡಕ್ಕೂ ಉತ್ತರವಿರಲಿಲ್ಲ.

ಆಮೇಲೆ 14 ರಾತ್ರಿ ಬರೆದಿಟ್ಟರು. ಸೆನ್ಸರ್ ದೀಪ ತೆಗೆದು, ಕೋಣೆಯ ಆಚೆ ಮೂಲೆಯಲ್ಲಿ ಒಂದು ಝೀರೋ ಬಲ್ಬ್ ಮಾತ್ರ ಉಳಿಸಿಕೊಂಡರು. ಏಳು ಗಾಬರಿ ದಾಖಲಾದವು. ನಾಲ್ಕು ಗಾಬರಿ ರಾತ್ರಿ 10ರಿಂದ 10.15ರ ಒಳಗೆ, ಮೂರು ಬೆಳಗಿನ ಜಾವ 2ರಿಂದ 4ರ ನಡುವೆ. ನಡುವಿನ ಸುಮಾರು ನಾಲ್ಕು ಗಂಟೆಯಲ್ಲಿ ಒಂದೂ ಇಲ್ಲ. ಈ ಖಾಲಿ ಜಾಗವೇ ಸುಳಿವು. ಅಷ್ಟು ದಿನ ಒಂದೇ ರೋಗವೆಂದು ಮದ್ದು ಮಾಡಿದ್ದು ಎರಡು ರೋಗಗಳಿಗೆ.

ಹತ್ತು ಗಂಟೆಯದು ಬಿಡಿಸಲು ಸುಲಭ. ಟಿ.ವಿ. ಬೆಳಕಿನಲ್ಲಿ ಹಕ್ಕಿಗಳು ಎಚ್ಚರವಾಗಿ ಬಟ್ಟಲಲ್ಲೋ ತಳದಲ್ಲೋ ಇರುವಾಗ ಸ್ವಿಚ್ ಒತ್ತಿದರೆ, ಅವು ಇದ್ದಲ್ಲೇ ಕುರುಡಾಗುತ್ತವೆ. ಮೇಲಿನ ಕಡ್ಡಿಗೆ ಅಂದಾಜಿನ ಮೇಲೆ ಹಾರುತ್ತವೆ, ಅಂದಾಜು ತಪ್ಪುತ್ತದೆ. ಬಯಲಿನಲ್ಲಿ ಯಾವ ಸಂಜೆಯೂ ಹೀಗೆ ಒಂದೇ ಏಟಿಗೆ ಮುಗಿಯುವುದಿಲ್ಲ.

ಬೆಳಗಿನ ಜಾವದ್ದಕ್ಕೆ ಕ್ಯಾಮೆರಾ ಬೇಕಾಯಿತು. ಕತ್ತಲಲ್ಲೂ ಚಿತ್ರ ಹಿಡಿಯುವ ಅವಕೆಂಪು (ಇನ್‌ಫ್ರಾರೆಡ್) ಕ್ಯಾಮೆರಾಗಳಲ್ಲಿ 850 ನ್ಯಾನೋಮೀಟರ್‌ನವು ಕತ್ತಲಲ್ಲಿ ಮಸುಕಾದ ಕೆಂಪು ಚುಕ್ಕೆಯಾಗಿ ಹೊಳೆಯುತ್ತವೆ, ಆದ್ದರಿಂದ 940 ನ್ಯಾನೋಮೀಟರ್‌ನದನ್ನು ಆರಿಸಿ, ಅದರ ಸೂಚನಾ ದೀಪಕ್ಕೆ ಕಪ್ಪು ಟೇಪ್ ಅಂಟಿಸಿದರು. ಐದು ರಾತ್ರಿ ಚಿತ್ರೀಕರಿಸಿದರು, ಎರಡು ಗಾಬರಿ ಸಿಕ್ಕವು. ಎರಡರಲ್ಲೂ ಮೊದಲು ಕದಲಿದ್ದು ಕಡ್ಡಿಯ ಮೇಲಿನ ಹಕ್ಕಿಗಳಲ್ಲ. ಬುಟ್ಟಿ ಅಲುಗುತ್ತದೆ. ಹಳದಿ ಹೆಣ್ಣು ಬಾಯಿಗೆ ಬಂದು ಕೂತು, ಹೊಟ್ಟೆಯ ಗರಿಯನ್ನು ಕೊಕ್ಕಿನಿಂದ ಬಿಡದೆ ಕೆದಕುತ್ತದೆ, ಒಂದು ಕಾಲು ಬದಲಿಸಿ ಇನ್ನೊಂದು ಕಾಲಿನಲ್ಲಿ ನಿಲ್ಲುತ್ತದೆ, ಒಳಗೆ ಹೋಗುತ್ತದೆ, ಮತ್ತೆ ಬರುತ್ತದೆ. ಇದು ನಲವತ್ತು ನಿಮಿಷ. ಕೊನೆಗೆ 2.40ಕ್ಕೆ ಕಾಲು ಜಾರಿ ತಂತಿಗೆ ಬಡಿಯುತ್ತದೆ. ಕೂಡಲೇ ಇಡೀ ಪಂಜರ ಎದ್ದಿತು.

ರಾತ್ರಿ ಮಾತ್ರ ಕಡಿಯುವ ಕೆಂಪು ನುಸಿಯ (ರೆಡ್ ಮೈಟ್) ಗುರುತಿದು. ಹಗಲಲ್ಲಿ ಹಕ್ಕಿಯ ಮೈ ನೋಡಿದರೆ ಸಿಗುವುದಿಲ್ಲ. ಅದು ಗೂಡಿನ ಹೆಣಿಗೆಯಲ್ಲಿ, ಕಡ್ಡಿ ತಂತಿಗೆ ಸಿಕ್ಕಿಸುವ ಸೀಳಿನಲ್ಲಿ, ತಟ್ಟೆಯ ಅಂಚಿನಲ್ಲಿ ಅಡಗಿರುತ್ತದೆ. ಕತ್ತಲಾದ ಮೇಲೆ ಹೊರಬಂದು ರಕ್ತ ಹೀರಿ ಮತ್ತೆ ಬಿಲ ಸೇರುತ್ತದೆ. ಗಾತ್ರ ಒಂದು ಮಿ.ಮೀ.ಗಿಂತ ಕಡಿಮೆ. ಹಸಿದಾಗ ಬೂದು, ಹೀರಿದ ಮೇಲೆ ಕೆಂಪು. ಪರೀಕ್ಷೆಗೆ ಖರ್ಚಿಲ್ಲ. ರಾತ್ರಿ ಕಡ್ಡಿಯ ತುದಿಗೂ ಗೂಡಿನ ಕೆಳಗೂ ಬಿಳಿ ಟಿಶ್ಯೂ ಸುತ್ತಿಟ್ಟು, ಬೆಳಗಾಗುವ ಮುಂಚೆ ತೆಗೆದು ಬೆರಳಿನಿಂದ ಒತ್ತಿ ನೋಡಬೇಕು. ಇಲ್ಲಿ ಗೂಡಿನ ಕೆಳಗಿನ ಟಿಶ್ಯೂ ಮೇಲೆ ಹನ್ನೊಂದು ಕೆಂಪು ಗೆರೆ ಮೂಡಿದವು. ಕಡ್ಡಿಯ ತುದಿಯದು ಬಹುತೇಕ ಶುಭ್ರವಾಗಿತ್ತು. ಕಡ್ಡಿಯ ಹಕ್ಕಿಗಳು ಏಕೆ ಮೊದಲು ಕದಲುತ್ತಿರಲಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಚಿತ್ರದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಗಾಬರಿಯ ನಂತರ ಕಡ್ಡಿಯ ಹಕ್ಕಿಗಳು ಕೆಲವು ನಿಮಿಷಗಳಲ್ಲಿ ಜಾಗಕ್ಕೆ ಬಂದವು. ಹಳದಿ ಹೆಣ್ಣು ಮಾತ್ರ ಬೆಳಗಾಗುವವರೆಗೆ ತಂತಿಗೆ ಆತುಕೊಂಡೇ ಇತ್ತು, ಗಂಡು ತಳದಲ್ಲಿತ್ತು. ಝೀರೋ ಬಲ್ಬಿನ ಬೆಳಕಿಗೆ ಕಪಾಟು ಅಡ್ಡ ನಿಂತು, ಅದರ ನೆರಳು ಸರಿಯಾಗಿ ಬುಟ್ಟಿಯ ಬಾಯಿಯ ಮೇಲೆ ಬೀಳುತ್ತಿತ್ತು. ಪಂಜರದ ಮುಕ್ಕಾಲು ಭಾಗಕ್ಕೆ ದೀಪವಿತ್ತು, ಅದು ಬೇಕಾದ ಕಾಲು ಭಾಗಕ್ಕೇ ಇರಲಿಲ್ಲ. ಮೊಟ್ಟೆಗಳು ಮೂರು ಗಂಟೆಗೂ ಹೆಚ್ಚು ಹೊತ್ತು ಕಾವಿಲ್ಲದೆ ತಣ್ಣಗಾದವು. ಎರಡು ದಿನ ಬಿಟ್ಟು ಬೆಳಕಿಗೆ ಹಿಡಿದಾಗ ಕವಲೊಡೆದ ರಕ್ತನಾಳಗಳಿರಬೇಕಾದಲ್ಲಿ ರಕ್ತದ ಒಂದು ಉಂಗುರ ಮಾತ್ರ ಕಂಡಿತು. ಭ್ರೂಣ ಸತ್ತ ಗುರುತದು. ಐದರಲ್ಲಿ ಒಂದೂ ಉಳಿದಿರಲಿಲ್ಲ.

ಕ್ರೂರವಾಗಿ ಕಂಡರೂ, ಮುಂದಿನ ತೀರ್ಮಾನವನ್ನು ಸುಲಭ ಮಾಡಿದ್ದು ಇದೇ. ಮರಿಗಳಿದ್ದಿದ್ದರೆ ಗೂಡು ಮುಟ್ಟುವುದು ಕಷ್ಟವಾಗುತ್ತಿತ್ತು.

ಸರಿಪಡಿಸಿದ ಬಗೆ

ನುಸಿಯಿಂದ ಶುರು. ಹಗಲಲ್ಲೇ ಹಕ್ಕಿಗಳನ್ನು ಬೇರೆ ಶುಭ್ರ ಪಂಜರಕ್ಕೆ ಸಾಗಿಸಿದರು. ಬುಟ್ಟಿ ಮತ್ತು ಮರದ ಕಡ್ಡಿಗಳನ್ನು ಸುಟ್ಟರು. ಪಂಜರ ಬಿಚ್ಚಿ, ಪ್ರತಿ ಸಂದಿಗೂ ಕುದಿಯುವ ನೀರು ಹೊಯ್ದು, ಬ್ರಷ್‌ನಿಂದ ತಿಕ್ಕಿ, ಬಿಸಿಲಲ್ಲಿ ಪೂರ್ತಿ ಒಣಗಿಸಿದರು. ಇದೇ ಕೆಲಸ 7ನೇ ದಿನ, 14ನೇ ದಿನ ಮತ್ತೆ. ಬೆಚ್ಚಗಿನ ಹವೆಯಲ್ಲಿ ನುಸಿ ಮೊಟ್ಟೆಯಿಂದ ದೊಡ್ಡದಾಗಲು ಸುಮಾರು ಒಂದು ವಾರ ಸಾಕು, ಹಾಗಾಗಿ ಒಂದೇ ಸಲ ತೊಳೆದು ಬಿಟ್ಟರೆ ಶ್ರಮ ನೀರುಪಾಲು. ಹಕ್ಕಿಯಿಲ್ಲದೆ ಪಂಜರ ಖಾಲಿ ಬಿಡುವುದೂ ಉಪಾಯವಲ್ಲ, ಏನೂ ಹೀರದೆ ನುಸಿ ತಿಂಗಳುಗಟ್ಟಲೆ ಬದುಕುತ್ತದೆ. ಹಕ್ಕಿಗಳ ಮೈಗೆ ಹಾಕುವ ಮದ್ದನ್ನು ವೈದ್ಯರೇ ತೂಕ ನೋಡಿ ಹಾಕಿದರು. ನಾಯಿ ಬೆಕ್ಕಿನ ಸ್ಪ್ರೇಯನ್ನು 12 ಗ್ರಾಂ ಹಕ್ಕಿಯ ಮೇಲೆ ಪ್ರಯೋಗಿಸಿದರೆ ನುಸಿಗಿಂತ ಮೊದಲು ಹಕ್ಕಿ ಹೋಗುತ್ತದೆ.

ಬುಟ್ಟಿಯನ್ನು ಮತ್ತೆ ಕಟ್ಟಲಿಲ್ಲ. ಬದಲಿಗೆ ಮಲಗುವ ಕಡ್ಡಿಗಳನ್ನು ತಿದ್ದಿದರು. ಫಿಂಚ್‌ಗಳು ಎಲ್ಲಕ್ಕಿಂತ ಎತ್ತರದ ಕಡ್ಡಿಗೇ ಜಗಳವಾಡುತ್ತವೆ, ಸೋತದ್ದು ತಂತಿಗೆ ಜೋತುಬಿದ್ದು ಮಲಗುತ್ತದೆ. ಹಿಂದೆ ಮೇಲಿನ ಕಡ್ಡಿ ಒಂದೇ ಇತ್ತು. ಈಗ 10ರಿಂದ 12 ಮಿ.ಮೀ. ದಪ್ಪದ ಎರಡು ಕಡ್ಡಿಗಳನ್ನು ಪಂಜರದ ಎರಡು ತುದಿಗೆ ಒಂದೇ ಎತ್ತರದಲ್ಲಿ ಹಾಕಿದರು. ಹಕ್ಕಿಯೊಂದಕ್ಕೆ 8 ಸೆಂ.ಮೀ. ಜಾಗ, ಬಾಲ ತಂತಿಗೆ ತಾಗದಷ್ಟು ದೂರ, ತಲೆಯಿಂದ ಚಾವಣಿಗೆ ಸುಮಾರು 12 ಸೆಂ.ಮೀ. ಬಿಡುವು. ಎರಡರ ನಡುವೆ ಉಯ್ಯಾಲೆ, ಗಂಟೆ, ದಾರ ಏನೂ ಇಲ್ಲ. ಹಗಲಿನ ಆಟಿಕೆ ರಾತ್ರಿ ಹಣೆಗೆ ಬಡಿಯುವ ಸಾಮಾನು.

ನಂತರ ಸಂಜೆ. ಪಂಜರ ನಡುಮನೆಯಿಂದ ಸದ್ದಿಲ್ಲದ ಕೋಣೆಗೆ ಹೋಯಿತು. ಹಿಂಬದಿ ಮತ್ತು ಎರಡು ಪಕ್ಕಕ್ಕೆ ತೆಳು ಬಟ್ಟೆ, ಮುಂಬದಿ ತೆರೆದೇ ಇರುತ್ತದೆ. ಕೋಣೆಯ ಕಿಟಕಿಗೆ ದಪ್ಪ ಪರದೆ. ಮುಖ್ಯ ದೀಪ 6 ವಾಟ್‌ನ, 2700 ಕೆಲ್ವಿನ್‌ನ ಹಳದಿ ಎಲ್‌ಇಡಿ, ಪಂಜರದ ಹೊರಗೆ. ಅದು ಸಂಜೆ 6.30ಕ್ಕೆ ತಗ್ಗಲು ಶುರುವಾಗಿ 7ಕ್ಕೆ ಆರುತ್ತದೆ: ಶೇ 100ರಿಂದ 60, 30, 10, 3 ಹೀಗೆ, ಮೆಟ್ಟಿಲಿಗೆ ಸುಮಾರು ಆರು ನಿಮಿಷ. ಶೇ 30ಕ್ಕೆ ಇಳಿದಾಗಲೇ ಹಕ್ಕಿಗಳು ಮೇಲಿನ ಕಡ್ಡಿಗೆ ಸರಿಯುವುದನ್ನು ಮೊದಲ ವಾರದಲ್ಲೇ ಕಾಣಬಹುದು. ಅದಕ್ಕೆ ಮುಂಚಿನ ಒಂದು ಗಂಟೆ ಬಟ್ಟಲು ತುಂಬಿರಬೇಕು. ಇಷ್ಟು ಪುಟ್ಟ ಮೈ ರಾತ್ರಿಯಿಡೀ ಬೆಚ್ಚಗಿರುವುದು ಸಂಜೆ ಗಂಟಲಚೀಲ ತುಂಬಿಕೊಂಡ ಕಾಳಿನಿಂದ.

ಹೀಗೆ ಬೆಳಕು ತಗ್ಗಿಸುವ ಡಿಮ್ಮರ್ ಕೊಳ್ಳುವಾಗ ಎರಡು ಎಡವಟ್ಟುಗಳಾದವು. ಮೊದಲು ತಂದದ್ದು ಶೇ 10ಕ್ಕೆ ಬಂದೊಡನೆ ಧೊಪ್ಪನೆ ಆರುತ್ತಿತ್ತು. ಅರ್ಧ ಗಂಟೆಯ ಸಂಜೆ ಕೊನೆಯ ಕ್ಷಣದಲ್ಲಿ ಸ್ವಿಚ್ ಒತ್ತಿದಂತೆಯೇ ಮುಗಿಯುತ್ತಿತ್ತು. ಎರಡನೆಯದು ಸರಾಗವಾಗಿ ಇಳಿಯುತ್ತಿತ್ತು, ಆದರೆ ಮಿಣುಕುತ್ತಿತ್ತು. ಮನೆಯವರ ಕಣ್ಣಿಗೆ ಕಾಣದ ಮಿಣುಕು ಅದು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಮನುಷ್ಯನಿಗೆ ಸುಮಾರು 60ರ ಮೇಲೆ ಅದು ನೇರ ಬೆಳಕಾಗಿ ಕಾಣುತ್ತದೆ, ಬ್ಲೂ ಟಿಟ್‌ನಂಥ ಪುಟ್ಟ ಹಕ್ಕಿಗಳು ಸೆಕೆಂಡಿಗೆ 130ರವರೆಗೂ ಮಿಣುಕನ್ನು ಬಿಡಿಬಿಡಿಯಾಗಿ ಗುರುತಿಸಬಲ್ಲವು. ಫೋನಿನ ಸ್ಲೋ ಮೋಷನ್‌ನಲ್ಲಿ ದೀಪ ಬೆಳಗಿದ ಗೋಡೆಯನ್ನು ಚಿತ್ರಿಸಿದಾಗ ಪಟ್ಟೆಗಳು ಓಡಾಡಿದವು. ಪಟ್ಟೆ ಬಾರದ, ಎಲ್‌ಇಡಿಗೆ ಏರಿಳಿಯದ ವಿದ್ಯುತ್ ಕೊಡುವ ಡ್ರೈವರ್ ಇರುವ ಮೂರನೆಯದು ಉಳಿಯಿತು.

ಕೊನೆಗೆ ರಾತ್ರಿ ದೀಪ, ಎಲ್ಲರೂ ಮೊದಲು ಕೇಳುವ ವಿಷಯ. ಅರ್ಧ ವಾಟ್‌ನ ಹಳದಿ ದೀಪವನ್ನು ಪಂಜರದಿಂದ ಒಂದೂವರೆ ಮೀಟರ್ ದೂರದಲ್ಲಿ, ಗೋಡೆಗೆ ಮುಖ ಮಾಡಿ ಇಟ್ಟರು. ಪಂಜರಕ್ಕೆ ಬರುವುದು ಗೋಡೆಯಿಂದ ಮರಳಿದ ಬೆಳಕು ಮಾತ್ರ. ದೀಪ ನೇರವಾಗಿದ್ದರೆ ಅದರ ಮುಂದೆ ಹಾರುವ ಒಂದು ಪತಂಗ ಪಂಜರದ ಮೇಲೆ ಹದ್ದಿನಷ್ಟು ನೆರಳು ಎಸೆಯುತ್ತದೆ. ಎಷ್ಟು ಬೆಳಕು ಎನ್ನುವುದಕ್ಕೆ ಫೋನಿನ ಲಕ್ಸ್ ಮೀಟರ್ ನಂಬಬೇಡಿ, ಇಷ್ಟು ಕಡಿಮೆಯಲ್ಲಿ ಅದು ಸೊನ್ನೆ ತೋರಿಸುತ್ತದೆ. ಹುಣ್ಣಿಮೆಯ ಬೆಳಕೇ ಅರ್ಧ ಲಕ್ಸ್ ದಾಟುವುದಿಲ್ಲ, ಬೇಕಾದದ್ದು ಅದರ ಆಸುಪಾಸು. ಐದು ನಿಮಿಷ ಕತ್ತಲಲ್ಲಿ ಕೂತು ಪಂಜರದ ಮುಂದೆ ನಿಲ್ಲಿ. ಕಡ್ಡಿಗಳ ಗೆರೆ ಎರಡೂ ತುದಿಯವರೆಗೆ ಕಾಣಬೇಕು, ಪತ್ರಿಕೆಯ ಅಕ್ಷರ ಓದಲಾಗಬಾರದು. ಎಲ್ಲಿ ಕಡ್ಡಿ ಮಾಯವಾಗುತ್ತದೋ ಅಲ್ಲಿ ನೆರಳಿದೆ, ದೀಪ ಸರಿಸಬೇಕು. ಈ ದೀಪ ಸಂಜೆ 6.30ಕ್ಕೆ ಮುಂಚೆಯೇ ಹೊತ್ತಿರುತ್ತದೆ. ಮುಖ್ಯ ದೀಪ ಆರಿದ ಮೇಲೆ ಹಾಕಿದರೆ ಅದೇ ಒಂದು ಹೊಸ ಬೆಚ್ಚು.

ಕೆಂಪು ಬಲ್ಬ್ ಹಕ್ಕಿಗೆ ಕಾಣುವುದಿಲ್ಲ ಎಂಬ ಮಾತನ್ನು ಮನೆಯವರಿಗೂ ಯಾರೋ ಹೇಳಿದ್ದರು. ಹಕ್ಕಿಗೆ ಕೆಂಪು ಚೆನ್ನಾಗಿಯೇ ಕಾಣುತ್ತದೆ. ಅಲ್ಲದೆ ಕೆಂಪು ಬೆಳಕು ತಲೆಬುರುಡೆ ದಾಟಿ, ಹಗಲಿನ ಉದ್ದ ಅಳೆಯುವ ಮಿದುಳಿನ ಬೆಳಕುಗ್ರಾಹಿಗಳನ್ನು ಬೇರೆ ಬಣ್ಣಗಳಿಗಿಂತ ಸುಲಭವಾಗಿ ಮುಟ್ಟುತ್ತದೆ. ಬಿಸಿ ಕೊಡುವ ಬಲ್ಬಿನ ಯೋಚನೆಯಿದ್ದವರು ಇನ್ನೊಂದು ನೋಡಬೇಕು: ಗಾಜಿನ ಮೇಲೆ ಪಿ.ಟಿ.ಎಫ್.ಇ. (ಟೆಫ್ಲಾನ್) ಲೇಪವಿದ್ದರೆ ಅದರ ಹೊಗೆ ಹಕ್ಕಿಗೆ ವಿಷ.

ಗಾಬರಿಯಾದಾಗ ಏನು ಮಾಡಬೇಕೆಂದು ಒಂದು ಚೀಟಿ ಬರೆದು ಬಾಗಿಲಿಗೆ ಅಂಟಿಸಿದರು. ಮೊದಲು ಮಾತಾಡು, ಮೆಲ್ಲಗೆ, ಹಗಲಲ್ಲಿ ಮಾತಾಡುವ ದನಿಯಲ್ಲೇ. ಟಾರ್ಚ್ ಹಿಡಿಯುವುದಾದರೆ ಚಾವಣಿಗೆ ಹಿಡಿ. ಮುಖ್ಯ ದೀಪ ಶೇ 3ರಿಂದ ಮೇಲೇರಿಸು. ಹತ್ತು ನಿಮಿಷ ಪಂಜರದ ಬಾಗಿಲು ಮುಟ್ಟಬೇಡ. ಆಮೇಲೆ ಎಣಿಸು, ತಳದ ಕಾಗದದಲ್ಲಿ ಹಸಿ ರಕ್ತ ಇದೆಯೇ ನೋಡು. ರಕ್ತವಿದ್ದರೆ ಮಾತ್ರ ಕೈ. ತಲೆಗೆ ಪೆಟ್ಟಾಗಿ ಮಂಕಾದ ಹಕ್ಕಿಯನ್ನು ಸಣ್ಣ ಪೆಟ್ಟಿಗೆಯಲ್ಲಿ ಮಬ್ಬುಬೆಳಕಲ್ಲಿ ಇಟ್ಟು ವೈದ್ಯರಿಗೆ ತಿಳಿಸು, ಹೆಚ್ಚು ಬಿಸಿ ಕೊಡಬೇಡ.

ನಂತರದ 60 ರಾತ್ರಿ

ಮೊದಲ 14 ರಾತ್ರಿಯಲ್ಲಿ ಏಳು ಗಾಬರಿ ಕಂಡ ಪಂಜರದಲ್ಲಿ, ಮೂರನೇ ತೊಳೆತದ ನಂತರದ 60 ರಾತ್ರಿಯಲ್ಲಿ ಎರಡು. ಸಂಜೆಯ ಗಾಬರಿ ಮುಖ್ಯ ದೀಪಕ್ಕೆ ಮೆಟ್ಟಿಲು ಬಂದ ದಿನವೇ ನಿಂತಿತ್ತು. ಬೆಳಗಿನ ಜಾವದ್ದು ಬುಟ್ಟಿ ಸುಟ್ಟ ಮೇಲೂ ಒಂದು ವಾರ ಇಣುಕಿ, ಎರಡನೇ ತೊಳೆತದ ನಂತರ ಹೋಯಿತು. ರಾತ್ರಿ ದೀಪ ಇವೆರಡನ್ನೂ ತಡೆದದ್ದಲ್ಲ. ಅದರ ಕೆಲಸ ಗೊತ್ತಾದದ್ದು 23ನೇ ರಾತ್ರಿ, ಸಿಡಿಲು ಬಡಿದಾಗ. ಐದೂ ಹಕ್ಕಿಗಳು ಹಾರಿದವು, ಯಾವ ದೀಪವಿದ್ದರೂ ಹಾರುತ್ತಿದ್ದವು. ಕ್ಯಾಮೆರಾದ ಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ ಐದೂ ಕಡ್ಡಿಯ ಮೇಲಿದ್ದವು. ಬೆಚ್ಚುವುದಕ್ಕೆ ಕಾರಣ ಬೇರೆ ಹುಡುಕಬೇಕು, ದೀಪವಿರುವುದು ಬೆಚ್ಚಿದ ಮೇಲೆ ಮರಳುವುದಕ್ಕೆ. ಈ ಎರಡನ್ನು ಒಂದೇ ಎಂದುಕೊಂಡದ್ದರಿಂದಲೇ ಮನೆಯವರು ತಿಂಗಳುಗಟ್ಟಲೆ ದೀಪ ಬದಲಿಸುತ್ತ ಕೂತಿದ್ದು.

ಒಂಟಿಯಾದ ಬೆಂಗಾಲೀಸ್ ಗಂಡು ಕೆಲವು ವಾರ ನೀಲಿ ಜೋಡಿಯ ಪಕ್ಕ ಒತ್ತಿಕೊಂಡು ಮಲಗಲು ಹೋಗಿ ಕುಟುಕಿಸಿಕೊಳ್ಳುತ್ತಿತ್ತು. 30 ದಿನ ಬೇರೆ ಕೋಣೆಯಲ್ಲಿಟ್ಟು, ಟಿಶ್ಯೂ ಪರೀಕ್ಷೆ ಮಾಡಿದ ಮೇಲೆ ಅದಕ್ಕೊಂದು ಹೆಣ್ಣನ್ನು ಜೊತೆಗೂಡಿಸಿದರು.

ಎರಡನೇ ಗಾಬರಿ 51ನೇ ರಾತ್ರಿ, ವಿದ್ಯುತ್ ಹೋದಾಗ. ಗೋಡೆಯ ದೀಪದ ಜೊತೆ ಕ್ಯಾಮೆರಾವೂ ಸತ್ತಿತ್ತು, ಹಾಗಾಗಿ ಚಿತ್ರವಿಲ್ಲ. ಬೆಳಿಗ್ಗೆ ತಳದ ಕಾಗದದ ಮೇಲೆ ಎಂಟು ಗರಿ ಸಿಕ್ಕವು, ರಕ್ತವಿರಲಿಲ್ಲ. ವಿದ್ಯುತ್ ಹೋದೊಡನೆ ತಾನೇ ಹೊತ್ತುವ ಬ್ಯಾಟರಿ ದೀಪಗಳಲ್ಲಿ ಹೆಚ್ಚಿನವು ಕಣ್ಣು ಕುಕ್ಕುವಷ್ಟು ಬಿಳಿ. ಮನೆಯವರು ಬ್ಯಾಟರಿಯನ್ನು ಆ ಅರ್ಧ ವಾಟ್‌ನ ದೀಪಕ್ಕೇ ಜೋಡಿಸಿದರು, ಈಗ ವಿದ್ಯುತ್ ಹೋದರೂ ಬಂದರೂ ಅದು ಮಿಟುಕುವುದಿಲ್ಲ. ತಳದ ಕಾಗದವನ್ನು ಮಾತ್ರ ಬೆಳಿಗ್ಗೆಯ ಬದಲು ಸಂಜೆ 6ಕ್ಕೆ ಬದಲಿಸುತ್ತಾರೆ, ಬೆಳಗಾದಾಗ ಅದರ ಮೇಲಿರುವುದೆಲ್ಲ ರಾತ್ರಿಯದೇ ಆಗಿರಲಿ ಎಂದು.